ನಡುರಾತ್ರಿಯ ನಂತರದ ಕಥೆ

ಕಳೆದ ಮಳೆಗಾಲದಲ್ಲಿ ನಾಲ್ಕು ದಿನದ ರಜೆಗೆಂದು ಮೂಡಬಿದಿರೆಯ ಹಾಸ್ಟೆಲಿನಿಂದ ಮನೆಗೆ ಬಂದ ನಮ್ಮ ಮಗಳು ಮೂರು ದಿನ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಊಟಕ್ಕೆ ಕರೆದರೆ 'ಈ ಅಧ್ಯಾಯ ಮುಗಿಯಲಿ' ಎನ್ನುತ್ತಿದ್ದಳು. ಮೂರನೆಯ ದಿನ ಸಂಜೆ ಮೊಬೈಲನ್ನು ಮಂಚದ ಮೇಲೆ ಎಸೆದು ಅಡುಗೆಮನೆಗೆ ಬಂದು ಮಣೆಯ ಮೇಲೆ ಕುಳಿತಳು.

"ಏನಾಯಿತು?" ಎಂದೆವು.

"ಆರುನೂರು ಪುಟ ಓದಿದೆ ಅಬ್ಬಾ. ಒಂದು ಹುಲ್ಲುಕಡ್ಡಿ ಅಲ್ಲಾಡಲಿಲ್ಲ. ಎಲ್ಲರೂ ಸ್ನಾನ ಮಾಡುತ್ತಾರೆ, ಚಹಾ ಕುಡಿಯುತ್ತಾರೆ, ಬಟ್ಟೆ ಸರಿಮಾಡಿಕೊಳ್ಳುತ್ತಾರೆ."

ಅವಳು ಓದುತ್ತಿದ್ದುದು ಅಮೆರಿಕದ ರಾಬರ್ಟ್ ಜೋರ್ಡಾನ್ ಬರೆದ 'ದಿ ವ್ಹೀಲ್ ಆಫ್ ಟೈಮ್' ಎಂಬ ಮಾಯಾಲೋಕದ ಕಾದಂಬರಿ ಮಾಲೆ. 1990ರಲ್ಲಿ ಮೊದಲ ಸಂಪುಟ ಬಂದು, 2013ರಲ್ಲಿ ಹದಿನಾಲ್ಕನೆಯದರೊಂದಿಗೆ ಮುಗಿದದ್ದು. ನಡುವೆ 2007ರಲ್ಲಿ ಜೋರ್ಡಾನ್ ತೀರಿಕೊಂಡ. ಅವನು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಬ್ರಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕ ಕೊನೆಯ ಮೂರು ಸಂಪುಟಗಳನ್ನು ಮುಗಿಸಿದ. ಮಗಳು ಸಿಕ್ಕಿಬಿದ್ದದ್ದು 2003ರಲ್ಲಿ ಬಂದ ಹತ್ತನೆಯದರಲ್ಲಿ. ಆ ಮಾಲೆಯ ಅಭಿಮಾನಿಗಳೂ ನಿಟ್ಟುಸಿರು ಬಿಡುವ ಸಂಪುಟವಂತೆ ಅದು. ಒಂಬತ್ತನೆಯದರ ಕೊನೆಗೆ ಒಂದು ಮಹಾ ಘಟನೆ ನಡೆದುಹೋಗುತ್ತದೆ. ಹತ್ತನೆಯದರಲ್ಲಿ ಆ ಘಟನೆಯ ಹೊತ್ತಿಗೆ ಮಿಕ್ಕವರೆಲ್ಲ ಎಲ್ಲೆಲ್ಲಿದ್ದರು, ಏನೇನು ಮಾಡುತ್ತಿದ್ದರು ಎಂಬುದೇ ಮುಕ್ಕಾಲು ಪಾಲು.

"ಹಾಗಾದರೆ ಬಿಟ್ಟು ಹನ್ನೊಂದನೆಯದಕ್ಕೆ ಹಾರು" ಎಂದೆವು.

"ಹೇಗೆ ಹಾರುವುದು? ಇವರೆಲ್ಲ ನನಗೆ ಗುರುತಿದ್ದವರು" ಎಂದಳು.

ಈ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ಕಥೆ ಮುಂದೆ ಹೋಗುತ್ತಿಲ್ಲ ಎಂಬ ಸಿಟ್ಟು. ಆದರೆ ಅದರಲ್ಲಿದ್ದವರನ್ನು ಬಿಟ್ಟು ಬರಲು ಮನಸ್ಸಿಲ್ಲ. ಸುಮಾರು ಮೂವತ್ತೈದು ವರ್ಷಗಳ ಹಿಂದೆ ಇದೇ ಬಂಟ್ವಾಳದಲ್ಲಿ, ಇಂಥದೇ ಮಳೆಯಲ್ಲಿ, ಇದೇ ಸಿಟ್ಟಿನಿಂದ ನಾವೊಂದು ತಪ್ಪು ಮಾಡಿದ್ದೆವು. ಅದನ್ನು ಹೇಳುವ ಮೊದಲು ಸ್ವಲ್ಪ ಸುತ್ತಿ ಬರಬೇಕು. (ಒಬ್ಬನೇ ಇದ್ದುಕೊಂಡು 'ನಾವು' ಎನ್ನುತ್ತಾನಲ್ಲ ಎಂದು ಓದುಗರು ನಗಬಾರದು. ಉರ್ದು ಮನೆಗಳಲ್ಲಿ 'ಮೈ' ಎನ್ನುವವನು ಅಹಂಕಾರಿ, 'ಹಮ್' ಎನ್ನುವವನು ಸಭ್ಯ. ಕನ್ನಡಕ್ಕೆ ಬಂದ ಮೇಲೂ ನಾಲಿಗೆ ಆ ಸಭ್ಯತೆಯನ್ನು ಬಿಟ್ಟಿಲ್ಲ.)

ನಮ್ಮ ಮನೆ ಇದ್ದದ್ದು ಬಂಟ್ವಾಳ ಪೇಟೆಯ ಕೆಳಬದಿಯಲ್ಲಿ, ನೇತ್ರಾವತಿಗೆ ತೀರ ಹತ್ತಿರ. 1974ರ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಚಾವಡಿಯ ಗೋಡೆಯಲ್ಲಿ ಒಂದು ಗೀಟು ಇತ್ತು. ಪ್ರತಿ ಮಳೆಗಾಲದಲ್ಲೂ ದಾದಿ ಆ ಗೀಟನ್ನು ತೋರಿಸಿ, 'ಅಫ್ರಾಸಿಯಾಬನ ಸೈನ್ಯ ಇಲ್ಲಿಯವರೆಗೆ ಬಂದು ಹಿಂದೆ ಹೋಯಿತು' ಎನ್ನುತ್ತಿದ್ದರು. ಅಫ್ರಾಸಿಯಾಬ್ ಎಂದರೆ ಜಾದೂಗಾರರ ಬಾದಶಹ. 'ತಿಲಿಸ್ಮ್-ಎ-ಹೋಶ್‌ರುಬಾ' ಎಂಬ ಮಾಯಾರಾಜ್ಯದ ಒಡೆಯ. ಹೋಶ್‌ರುಬಾ ಎಂದರೆ ಎಚ್ಚರ ಕದಿಯುವಂಥದ್ದು. ಆ ಮಾಯೆಯನ್ನು ಒಡೆಯಲು ಅಮೀರ್ ಹಂಜಾನ ಕಡೆಯಿಂದ ರಾಜಕುಮಾರ ಅಸದ್ ಹೊರಡುತ್ತಾನೆ. ಅವನ ಬೆನ್ನಿಗೆ ಅಯ್ಯಾರರ, ಅಂದರೆ ವೇಷ ಬದಲಿಸುವ ಚಾಲಾಕಿಗಳ, ಗುರು ಅಮರ್. ಅಮರ್ ಅಯ್ಯಾರನ ಹೆಗಲಲ್ಲಿ ಝಂಬೀಲ್ ಎಂಬ ಜೋಳಿಗೆ ಇರುತ್ತದೆ. ಅದರಲ್ಲಿ ಎಷ್ಟು ತುಂಬಿದರೂ ತುಂಬದು. ಊರಿಗೆ ಊರೇ ಅದರೊಳಗಿರಬಹುದು.

ಉರ್ದುವಿನ ಈ ದಾಸ್ತಾನ್ ಎಷ್ಟು ಉದ್ದ ಎಂಬುದನ್ನು ಕನ್ನಡದ ಓದುಗರಿಗೆ ಅಂದಾಜು ಹೇಳಬೇಕು. ಲಖನೌದ ನವಲ್ ಕಿಶೋರ್ ಮುದ್ರಣಾಲಯ 1880ರ ದಶಕದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಅಮೀರ್ ಹಂಜಾನ ದಾಸ್ತಾನನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ಒಂದೊಂದೂ ಸಾವಿರ ಪುಟದ ಆಸುಪಾಸು. ಅದರಲ್ಲಿ ಹೋಶ್‌ರುಬಾದ್ದೇ ಏಳು ಸಂಪುಟ, ಸುಮಾರು ಎಂಟು ಸಾವಿರ ಪುಟ. ಮೊದಲ ನಾಲ್ಕನ್ನು ಮುಹಮ್ಮದ್ ಹುಸೇನ್ ಜಾಹ್ ಬರೆದರು, ಮುಂದಿನ ಮೂರನ್ನು ಅಹ್ಮದ್ ಹುಸೇನ್ ಕಮರ್. ನಡುದಾರಿಯಲ್ಲಿ ಲೇಖಕ ಬದಲಾಗುವುದು ಅಮೆರಿಕದವರು ಕಂಡುಹಿಡಿದ ಸಂಗತಿಯೇನಲ್ಲ. ನಾಯಕನ ಹೆಸರು ಪ್ರವಾದಿಯವರ ಚಿಕ್ಕಪ್ಪನದ್ದು, ಆದರೆ ಹೆಸರೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಕಲ್ಪನೆ. ಜಾದೂವಿನ ಕಥೆ ಮಕ್ಕಳಿಗೆ ಯಾಕೆ ಎಂದು ಯಾರಾದರೂ ಹಿರಿಯರು ಕೇಳಿದರೆ, 'ಜಾದೂಗಾರರು ಒಬ್ಬೊಬ್ಬರಾಗಿ ಸೋಲುತ್ತಾರಲ್ಲ, ಅದನ್ನೂ ಕೇಳಲಿ' ಎಂದು ದಾದಿ ಅಡಿಕೆ ಕತ್ತರಿಸುವುದನ್ನು ಮುಂದುವರಿಸುತ್ತಿದ್ದರು.

ಇಶಾ ನಮಾಜಾದ ಮೇಲೆ ಕಥೆ. ಬಹಳ ಸಲ ಕರೆಂಟು ಇರುತ್ತಿರಲಿಲ್ಲ. ದಾದಿಗೆ ಓದು ಬರುತ್ತಿತ್ತಾದರೂ ಕಥೆಯನ್ನು ಪುಸ್ತಕ ನೋಡಿ ಹೇಳಿದವರಲ್ಲ. ಅವರ ತಂದೆಯಿಂದ ಕಿವಿಯಲ್ಲಿ ಬಂದದ್ದನ್ನು ತಮ್ಮ ಇಷ್ಟದಂತೆ ಹೇಳುತ್ತಿದ್ದರು. ನಮಗಾಗ ಹನ್ನೊಂದು ವರ್ಷ, ಉರ್ದು ಶಾಲೆಯ ಕೊನೆಯ ತರಗತಿ. ಕಥೆ ಜೂನಿನಲ್ಲಿ ಶುರುವಾಗಿ ಆಗಸ್ಟಿಗೆ ಬಂದರೂ ಅಸದ್ ಮಾಯಾರಾಜ್ಯದ ಗಡಿಯಲ್ಲೇ ಇದ್ದ.

ಲಖನೌದ ದಾಸ್ತಾನ್‌ಗಾರರಲ್ಲಿ 'ದಾಸ್ತಾನ್ ರೋಕ್‌ನಾ' ಎಂಬ ಒಂದು ವಿದ್ಯೆಯೇ ಇತ್ತಂತೆ: ಕಥೆಯನ್ನು ತಡೆದು ನಿಲ್ಲಿಸುವುದು. ಪ್ರೇಮಿಗಳ ನಡುವೆ ಒಂದು ಪರದೆ ಮಾತ್ರ ಉಳಿದಿದೆ, ಅದನ್ನು ಸರಿಸಬೇಕು ಅಷ್ಟೆ; ಆ ಗಳಿಗೆಯಲ್ಲಿ ಕಥೆ ನಿಲ್ಲಿಸಿ ಪರದೆಯನ್ನೂ ಕೋಣೆಯನ್ನೂ ನಾಯಕಿಯ ಎದೆಬಡಿತವನ್ನೂ ವರ್ಣಿಸುತ್ತ ದಿನಗಟ್ಟಲೆ ತಳ್ಳಿದ ನಿಪುಣರಿದ್ದರು ಎಂದು ಹೇಳುವುದುಂಟು. ಕೇಳುವವರು ಎದ್ದುಹೋಗಬಾರದು, ಕಥೆ ಮುಂದೆಯೂ ಹೋಗಬಾರದು. ಮಗಳ ಹತ್ತನೆಯ ಸಂಪುಟದಲ್ಲಿ ಜೋರ್ಡಾನ್ ಮಾಡಲು ಹೊರಟದ್ದು ಇದನ್ನೇ ಇರಬೇಕು. ಆದರೆ ದಾಸ್ತಾನ್‌ಗಾರನ ಎದುರಿಗೆ ಜನ ಕುಳಿತಿರುತ್ತಿದ್ದರು. ಒಬ್ಬ ಆಕಳಿಸಿದರೆ ಅವನಿಗೆ ಗೊತ್ತಾಗುತ್ತಿತ್ತು. ಅಚ್ಚಿನ ಪುಸ್ತಕಕ್ಕೆ ಆಕಳಿಕೆ ಕಾಣುವುದಿಲ್ಲ.

ಮರುವರ್ಷ ಅಬ್ಬಾ ಅಡಿಕೆ ವ್ಯಾಪಾರಕ್ಕೆಂದು ಬೆಳ್ತಂಗಡಿಗೆ ಸಂಸಾರ ಸಾಗಿಸಿದರು. ಅಲ್ಲಿ ನಮ್ಮನ್ನು ಕನ್ನಡ ಶಾಲೆಗೆ ಸೇರಿಸಿದರು. ಭಾಷೆ ತೊದಲುತ್ತಿದ್ದ ಹುಡುಗನಿಗೆ ಆಸರೆಯಾದದ್ದು ಎರಡು. ಒಂದು, ದೂರದಿಂದ ಕಾಣುವ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಸುಲ್ತಾನ್ ಅದರ ನೆತ್ತಿಯ ಮೇಲೆ ಜಮಾಲಾಬಾದ್ ಕೋಟೆ ಕಟ್ಟಿಸಿದನೆಂದು ಮೇಷ್ಟ್ರು ಹೇಳಿದ್ದರು. ಆದರೆ ನಮ್ಮ ಲೆಕ್ಕದಲ್ಲಿ ಅದು ಅಫ್ರಾಸಿಯಾಬನ ಬುರುಜು. ಮೋಡ ಕವಿದು ಅದರ ತಲೆ ಮಾಯವಾದ ದಿನ ನಮಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ.

ಇನ್ನೊಂದು, ಯಕ್ಷಗಾನ. ಅಬ್ಬಾನ ಅಂಗಡಿಯ ಪಕ್ಕದಲ್ಲಿ ಒಬ್ಬ ದರ್ಜಿ ಇದ್ದರು. ದೀಪಾವಳಿ ಕಳೆದು ಮೇಳಗಳು ಹೊರಟವೆಂದರೆ ಮೇ ತಿಂಗಳ ಪತ್ತನಾಜೆಯಲ್ಲಿ ಗೆಜ್ಜೆ ಬಿಚ್ಚುವವರೆಗೆ ವಾರಕ್ಕೆ ಎರಡು ರಾತ್ರಿ ಅವರು ಮನೆಯಲ್ಲಿ ಮಲಗುತ್ತಿರಲಿಲ್ಲ. ಕಂಕುಳಲ್ಲಿ ಚಾಪೆ, ಕೈಯಲ್ಲಿ ಟಾರ್ಚು. ಅಬ್ಬಾನನ್ನು ಕೇಳಿ ನಮ್ಮನ್ನೂ ಕರೆದೊಯ್ದರು. ನಿದ್ದೆಗೆ ಅವರದ್ದೊಂದು ನಿಯಮವಿತ್ತು: "ಮಲಗುವುದಾದರೆ ಹತ್ತರಿಂದ ಹನ್ನೆರಡರವರೆಗೆ ಮಲಗು. ಎರಡರ ಮೇಲೆ ಮಲಗಬೇಡ. ವೇಷ ಬೆಳೆಯುವುದು ಆಮೇಲೆ."

ಆಗ ಇದು ಅರ್ಥವಾಗಲಿಲ್ಲ. 'ದೇವಿ ಮಹಾತ್ಮೆ'ಯಲ್ಲಿ ಹುಡುಗರೆಲ್ಲ ಕಾಯುವುದು ಮಹಿಷಾಸುರನಿಗಾಗಿ. ನಡುರಾತ್ರಿ ಸಭೆಯ ಹಿಂದಿನಿಂದ, ಗದ್ದೆಯ ಕತ್ತಲಿನಿಂದ, ದೊಂದಿಯ ಬೆಳಕಿನಲ್ಲಿ ಅವನು ಅಬ್ಬರಿಸುತ್ತ ಬರುವಾಗ ಮಲಗಿದ್ದ ಮಕ್ಕಳೆಲ್ಲ ಎದ್ದು ಕಿರುಚುತ್ತಾರೆ. ಅಷ್ಟಾದ ಮೇಲೆ ಮಕ್ಕಳು ಮತ್ತೆ ಮಲಗಿಬಿಡುತ್ತಾರೆ. ರಕ್ತಬೀಜ ಬರುವುದು ಅದಕ್ಕಿಂತ ಬಹಳ ಹೊತ್ತಿನ ಮೇಲೆ. ಅವನ ಮೈಯಿಂದ ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದಲೂ ಅವನಂಥವನೇ ಒಬ್ಬ ಹುಟ್ಟುತ್ತಾನೆ ಎಂಬುದು ಅವನಿಗಿರುವ ವರ. ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ರಾತ್ರಿ ನಿದ್ದೆ ತಡೆದು ಕುಳಿತಿದ್ದೆವು. ಆ ರಾತ್ರಿಯ ರಕ್ತಬೀಜ ಕುಣಿಯಲೇ ಇಲ್ಲ ಎನ್ನಬೇಕು. ರಂಗಸ್ಥಳದ ನಡುವೆ ನಿಂತು, ಒಂದೇ ಪದ್ಯವನ್ನು ಹಿಡಿದು ಮುಕ್ಕಾಲು ಗಂಟೆ ಮಾತಾಡಿದ. ತನ್ನ ರಕ್ತದಿಂದ ಹುಟ್ಟುವವರೆಲ್ಲ ತಾನೇ ಆದರೆ ಸಾಯುವವನು ಯಾರು, ಉಳಿಯುವವನು ಯಾರು ಎಂದು ತನ್ನನ್ನೇ ಕೇಳಿಕೊಂಡ. ಎದುರಿಗೆ ಬಂದಿರುವವಳು ಯಾರೆಂದು ತನಗೆ ಗೊತ್ತು, ಆದರೂ ಉಂಡ ಮನೆಯ ಋಣ ತೀರಿಸಲು ಹೋಗುತ್ತೇನೆ ಎಂದ. ಹೊರಗೆ ಮಂಜು ಬೀಳುತ್ತಿತ್ತು. ದರ್ಜಿ ಚಾಪೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದರು. ಸಾಯಬೇಕಾದ ರಾಕ್ಷಸನಿಗಾಗಿ ಹೊಟ್ಟೆಯಲ್ಲಿ ಏನೋ ಕಿವುಚಿದಂತಾದದ್ದು ನಮಗೆ ಅದೇ ಮೊದಲು. ಮಹಿಷಾಸುರ ಸತ್ತಾಗ ನಾವು ಚಪ್ಪಾಳೆ ತಟ್ಟಿದ್ದೆವು.

ಮಾಯಾಲೋಕದ ಕಥೆಗಳಲ್ಲಿ ಪಾತ್ರ ಬೆಳೆಯುವುದು ಎಂದರೇನು ಎಂಬ ಪ್ರಶ್ನೆಗೆ ನಮ್ಮ ಉತ್ತರ ಹುಟ್ಟಿದ್ದು ಬಹುಶಃ ಆ ಗದ್ದೆಯಲ್ಲಿಯೇ. ರಕ್ತಬೀಜ ಆ ರಾತ್ರಿ ಬದಲಾಗಲಿಲ್ಲ. ಬಂದಾಗ ಇದ್ದವನೇ ಸಾಯುವಾಗಲೂ ಇದ್ದ. ಬದಲಾದದ್ದು ಅವನ ಬಗ್ಗೆ ನಮಗಿದ್ದ ತಿಳಿವಳಿಕೆ. ಅದಕ್ಕೆ ಆ ಮುಕ್ಕಾಲು ಗಂಟೆ ಬೇಕಾಯಿತು, ಮಾತ್ರವಲ್ಲ, ಅದಕ್ಕೂ ಮುಂಚಿನ ಐದು ಗಂಟೆಯ ಆಯಾಸವೂ ಬೇಕಾಯಿತು. ಜಾರ್ಜ್ ಮಾರ್ಟಿನ್ ಎಂಬಾತ 1996ರಿಂದ ಬರೆಯುತ್ತಿರುವ ಮಾಲೆಯಲ್ಲಿ ಜೇಮಿ ಎಂಬ ಯೋಧನಿದ್ದಾನೆ. ಮೊದಲ ಸಂಪುಟದಲ್ಲೇ ಒಬ್ಬ ಪುಟ್ಟ ಹುಡುಗನನ್ನು ಗೋಪುರದ ಕಿಟಕಿಯಿಂದ ಕೆಳಗೆ ತಳ್ಳುತ್ತಾನೆ. ಎರಡು ಸಂಪುಟಗಳ ತುಂಬ ಓದುಗ ಅವನನ್ನು ದ್ವೇಷಿಸಬೇಕು. 2000ದಲ್ಲಿ ಬಂದ ಮೂರನೆಯದರಲ್ಲಿ ಮಾತ್ರ ಕಥೆ ಅವನ ಕಣ್ಣಿನಿಂದ ಕಾಣತೊಡಗುತ್ತದೆ. ಅದೇ ಸಂಪುಟದಲ್ಲಿ ಕತ್ತಿ ಹಿಡಿಯುವ ಅವನ ಕೈ ಕಡಿದುಹೋಗುತ್ತದೆ. ಮಗಳು ಇದನ್ನು ಹೇಳಿದಾಗ ನಾವು 'ಇದು ನಮ್ಮ ರಕ್ತಬೀಜ' ಎಂದೆವು. ಅವಳು ಒಪ್ಪಲಿಲ್ಲ, ಜೇಮಿ ನಿಜಕ್ಕೂ ಬದಲಾಗುತ್ತಾನೆ ಎಂದು ವಾದಿಸಿದಳು. ಇರಬಹುದು. ಮಾರ್ಟಿನ್‌ನ ಐದನೆಯ ಸಂಪುಟ 2011ರಲ್ಲಿ ಬಂತು, ಆರನೆಯದು ಇನ್ನೂ ಬಂದಿಲ್ಲ. 'ಬಂದ ಮೇಲೆ ನೋಡೋಣ' ಎಂದು ಚರ್ಚೆ ಮುಗಿಸಿದೆವು.

ಯಕ್ಷಗಾನದಲ್ಲಿ ಇನ್ನೊಂದು ಚಮತ್ಕಾರವಿದೆ, ಪುಸ್ತಕಗಳಲ್ಲಿ ಸಾಧ್ಯವಾಗದ್ದು. ಪಾತ್ರ ಒಂದು ರಾತ್ರಿಯೊಳಗೆ ಬೆಳೆಯದಿದ್ದರೂ ರಾತ್ರಿಯಿಂದ ರಾತ್ರಿಗೆ ಬೆಳೆಯುತ್ತದೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನವನ್ನು ಕಟ್ಟಿಸಿದನೆಂದು ಐತಿಹ್ಯವಿರುವ ಬಪ್ಪ ಬ್ಯಾರಿಯ ಪಾತ್ರ 'ಬಪ್ಪನಾಡು ಕ್ಷೇತ್ರ ಮಹಾತ್ಮೆ'ಯಲ್ಲಿದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಅದನ್ನು ಮಾಡುತ್ತಿದ್ದರು. ಲುಂಗಿ ಟೊಪ್ಪಿ ಹಾಕಿ ನಗಿಸಿ ಹೋಗಬಹುದಾಗಿದ್ದ ವೇಷವದು. ಅದನ್ನು ಅವರು ಘನತೆಯುಳ್ಳ ಒಬ್ಬ ವ್ಯಾಪಾರಿಯಾಗಿ, ತನ್ನ ದೀನಿನಲ್ಲಿ ಗಟ್ಟಿಯಾಗಿ ನಿಂತು ಇನ್ನೊಬ್ಬರದ್ದನ್ನು ಗೌರವಿಸುವ ಮನುಷ್ಯನಾಗಿ ಬೆಳೆಸಿದರೆಂದು ನೋಡಿದ ಹಿರಿಯರು ಈಗಲೂ ಹೇಳುತ್ತಾರೆ. ಬಪ್ಪನನ್ನು ಬೆಳೆಸಿದ್ದು ಪ್ರಸಂಗ ಬರೆದ ಕವಿಯ ಪದ್ಯಗಳಷ್ಟೇ ಅಲ್ಲ, ಮಾತಿಗೆ ಸಿಕ್ಕ ಸಮಯ.

ಆ ಸಮಯ ಈಗ ಇಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಧರ್ಮಸ್ಥಳದ ಮೇಳವೂ ಕಾಲಮಿತಿಗೆ ಬಂದು ವರ್ಷಗಳಾದವು. ಕಟೀಲಿನ ಮೇಳಗಳ ವಿಷಯ ನ್ಯಾಯಾಲಯದವರೆಗೂ ಹೋಯಿತು. ಕಾಲಮಿತಿಯನ್ನು ಬೈಯುವವರ ಸಾಲಿನಲ್ಲಿ ನಾವಿಲ್ಲ. ಕಲಾವಿದರು ಆರು ತಿಂಗಳು ನಿದ್ದೆಗೆಟ್ಟು ಆರೋಗ್ಯ ಕಳೆದುಕೊಳ್ಳುತ್ತಿದ್ದರು; ನೋಡುವವರಿಗೂ ಬೆಳಿಗ್ಗೆ ಕೆಲಸವಿರುತ್ತದೆ; ಹೆಂಗಸರು, ಮಕ್ಕಳು ಕೊನೆಯ ತನಕ ನೋಡಿ ಮನೆಗೆ ಹೋಗುತ್ತಾರೆ. ನಾವು ಗಮನಿಸಿದ್ದು ಒಂದೇ. ಕತ್ತರಿ ಬಿದ್ದಾಗ ಯುದ್ಧಕ್ಕೆ ಬೀಳುವುದಿಲ್ಲ, ಪ್ರವೇಶಕ್ಕೆ ಬೀಳುವುದಿಲ್ಲ. ರಕ್ತಬೀಜ ಬರುತ್ತಾನೆ, ನಾಲ್ಕು ಮಾತಾಡುತ್ತಾನೆ, ಸಾಯುತ್ತಾನೆ. ಅವನು ಯಾರೆಂದು ಗೊತ್ತಾಗುವ ಮುಂಚೆ ಬಸ್ಸಿನ ಹೊತ್ತಾಗುತ್ತದೆ. ಮಾರ್ಟಿನ್‌ನ ಕಥೆ ಟಿವಿಗೆ ಬಂದಾಗಲೂ ಹೀಗೆಯೇ ಆಯಿತೆಂದು ಮಗಳು ಹೇಳಿದಳು. 2011ರಲ್ಲಿ ಶುರುವಾಗಿ ಋತುವಿಗೆ ಹತ್ತು ಕಂತುಗಳಂತೆ ಬರುತ್ತಿದ್ದದ್ದು ಏಳನೆಯದರಲ್ಲಿ ಏಳಾಯಿತು, 2019ರ ಕೊನೆಯದರಲ್ಲಿ ಆರಾಯಿತು. ಅಷ್ಟು ವರ್ಷ ಗುಲಾಮರನ್ನು ಬಿಡಿಸುತ್ತ ಬಂದ ರಾಣಿ ಒಂದೆರಡು ಕಂತುಗಳಲ್ಲಿ ಊರನ್ನೇ ಸುಡುವವಳಾದಳು. ನೋಡಿದವರು ಸಿಟ್ಟಾದರು. ಅವಳು ಹಾಗಾದದ್ದಕ್ಕೆ ಅಲ್ಲವಂತೆ. ಆಗುವುದನ್ನು ನೋಡಲು ತಮಗೆ ಸಮಯ ಕೊಡಲಿಲ್ಲ ಎಂದು.

ಪದವಿ ಓದಲು ನಾವು ಮೂಡಬಿದಿರೆಗೆ ಹೋದೆವು. ಅಲ್ಲಿ ಕನ್ನಡ ಮೇಷ್ಟ್ರೊಬ್ಬರು ರತ್ನಾಕರವರ್ಣಿಯನ್ನು ಓದಿಸಿದರು. 1430ರ ಸಾವಿರ ಕಂಬದ ಬಸದಿಗೆ ಪ್ರವಾಸಿಗರು ಬಸ್ಸುಗಟ್ಟಲೆ ಬರುತ್ತಾರೆ. ಅದೇ ಊರಿನಲ್ಲಿ ಹದಿನಾರನೆಯ ಶತಮಾನದಲ್ಲಿ ಒಬ್ಬ ಕವಿ ಸಾಂಗತ್ಯದಲ್ಲಿ ಸುಮಾರು ಹತ್ತು ಸಾವಿರ ಪದ್ಯಗಳ 'ಭರತೇಶ ವೈಭವ' ಬರೆದನೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ. ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಲಿಲ್ಲವೆಂದು ಕವಿ ಮುನಿಸಿಕೊಂಡು ಮತವನ್ನೇ ಬಿಟ್ಟು ಹೋಗಿ, ಆಮೇಲೆ ಮರಳಿದನೆಂಬ ಕಥೆಯೂ ಇದೆ. ಬರಹಗಾರರ ಮುನಿಸು ಹೊಸದಲ್ಲ.

ನಮಗೆ ಮೊದಲು ಆ ಕಾವ್ಯ ಕಷ್ಟವಾಯಿತು. ಏನೂ ನಡೆಯುವುದೇ ಇಲ್ಲ! ಭರತ ಚಕ್ರವರ್ತಿ ಒಡ್ಡೋಲಗಕ್ಕೆ ಬರುತ್ತಾನೆ, ಸಂಗೀತ ಕೇಳುತ್ತಾನೆ. ಮುನಿಗಳಿಗೆ ಆಹಾರ ಕೊಡುವುದಕ್ಕೊಂದು ಸಂಧಿ, ತಾನು ಊಟ ಮಾಡುವುದಕ್ಕೊಂದು ಸಂಧಿ. ರಾಣಿಯರೊಡನೆ ಸರಸ, ಮತ್ತೆ ಧ್ಯಾನ. 'ಸಾರ್, ದಿಗ್ವಿಜಯ ಯಾವಾಗ?' ಎಂದು ನಾವು ಕೇಳಿದ್ದೆವು. ಮೇಷ್ಟ್ರು ಅವಸರ ಮಾಡಬೇಡ ಎಂದಷ್ಟೇ ಹೇಳಿದರು. ಗುಟ್ಟು ತಿಳಿದದ್ದು ಬಾಹುಬಲಿಯ ಪ್ರಸಂಗಕ್ಕೆ ಬಂದಾಗ. 941ರ ಪಂಪನ 'ಆದಿಪುರಾಣ'ದಲ್ಲಿ ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡುತ್ತಾರೆ. ಸೋತ ಭರತ ಸಿಟ್ಟಿನಲ್ಲಿ ತಮ್ಮನ ಮೇಲೆ ಚಕ್ರ ಬಿಡುತ್ತಾನೆ. ರತ್ನಾಕರನ ಭರತ ಹೊಡೆದಾಡುವುದಿಲ್ಲ. ಮಾತಿನಲ್ಲಿ, ಪ್ರೀತಿಯಲ್ಲಿ, ಸೋಲನ್ನು ತಾನೇ ಹೊತ್ತುಕೊಂಡು ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ಇದನ್ನು ಮೊದಲ ಸಂಧಿಯಲ್ಲೇ ಹೇಳಿದ್ದರೆ ಯಾರು ನಂಬುತ್ತಿದ್ದರು? ಚಕ್ರವರ್ತಿಯೊಬ್ಬ ಹೀಗೆ ಮಾಡುತ್ತಾನೆಂದು ನಂಬಬೇಕಾದರೆ ಅವನು ಊಟ ಮಾಡುವುದನ್ನು, ಅತಿಥಿಗೆ ಕಾಯುವುದನ್ನು, ಮಾತಾಡುವ ಧಾಟಿಯನ್ನು ನಾವು ಬಹಳ ದಿನ ನೋಡಿರಬೇಕು. ಯುದ್ಧವನ್ನು ತಪ್ಪಿಸುವ ಒಂದು ಗಳಿಗೆಗಾಗಿ ಕವಿ ಅಷ್ಟೊಂದು ಸಂಧಿಗಳಷ್ಟು ಮುಂಗಡ ಕಟ್ಟಿದ್ದ.

ಹಾಗೆಂದು ಉದ್ದವಿದ್ದದ್ದೆಲ್ಲ ಒಳ್ಳೆಯದೆಂದಲ್ಲ. ದಾಸ್ತಾನಿನಲ್ಲಿ ಜಾದೂಗಾರನೊಬ್ಬ ಬರುವುದು, ಅಯ್ಯಾರ ವೇಷ ಹಾಕಿ ಅವನಿಗೆ ಮಂಪರು ಬರಿಸಿ ಕೊಲ್ಲುವುದು, ಆಕಾಶ ಕಪ್ಪಾಗುವುದು ಇದೇ ನೂರಾರು ಸಲ ಬರುತ್ತದೆ. ಹೆಸರು ಬದಲು, ಕೆಲಸ ಅದೇ. ಯಕ್ಷಗಾನದಲ್ಲೂ ಅರ್ಥವಿಲ್ಲದ ಕುಣಿತಕ್ಕೆ, ಹಾಸ್ಯಗಾರನ ಹಳಸಲು ಮಾತಿಗೆ ಎಷ್ಟೋ ರಾತ್ರಿಗಳು ಹೋಗಿವೆ. ನಮ್ಮ ಅಳತೆಗೋಲು ಸರಳ: ಪುಟ ಮಗುಚಿದ ಮೇಲೆ ಆ ಮನುಷ್ಯನ ಬಗ್ಗೆ ಮುಂಚೆ ತಿಳಿಯದ ಒಂದಾದರೂ ವಿಷಯ ತಿಳಿಯಿತೇ? ತಿಳಿದಿದ್ದರೆ ಅದು ನಿಧಾನ. ಇಲ್ಲದಿದ್ದರೆ ಕಾಲಹರಣ.

ಈ ಅಳತೆಗೋಲನ್ನು ನಾವು ನಮಗೇ ಹಿಡಿದುಕೊಳ್ಳಬೇಕಾಗಿಯೂ ಬಂತು. ಸಣ್ಣಕಥೆ ಬರೆದು ನಾಲ್ಕು ಜನರಿಗೆ ಗೊತ್ತಾದ ಮೇಲೆ ಒಂದು ವಾರಪತ್ರಿಕೆ ಧಾರಾವಾಹಿ ಬರೆಯಲು ಹೇಳಿತು. ನದಿದಡದ ಒಂದು ಮುಸ್ಲಿಂ ಮನೆತನದ ಮೂರು ತಲೆಮಾರು, ನಡುವೆ ಅಜ್ಜಿ ಹೇಳುವ ಮಾಯಾಕಥೆ. ನಲವತ್ತು ಕಂತು ಎಂದು ಮಾತಾಗಿತ್ತು. ಎಂಟು ಕಂತು ಅಚ್ಚಾದ ಮೇಲೆ, ಓದುಗರು ಬೇಗ ಬೇಗ ಬಯಸುತ್ತಾರೆ, ಇನ್ನೆರಡರಲ್ಲಿ ಮುಗಿಸಿ ಎಂಬ ಸೂಚನೆ ಬಂತು. ನಾವು ಏನು ಮಾಡಿದೆವು? ನಾಲ್ಕು ಜನರನ್ನು ಒಂದೇ ದೋಣಿಯಲ್ಲಿ ಕೂರಿಸಿ ನೇತ್ರಾವತಿಯಲ್ಲಿ ಮುಳುಗಿಸಿದೆವು. ಅವರಲ್ಲಿ ಒಬ್ಬಳು ಮಾತಾಡಲು ಆಗಷ್ಟೇ ಶುರು ಮಾಡಿದ್ದಳು. ತಪ್ಪು ಪತ್ರಿಕೆಯದ್ದು ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆವು. ನಿಜ ಹೇಳಬೇಕೆಂದರೆ, ಮುಗಿಸಿ ಎಂದಾಗ ಒಳಗೊಳಗೆ ಹಗುರವೂ ಆಗಿತ್ತು. ಒಬ್ಬರೊಡನೆ ಬಹಳ ಕಾಲ ಇರುವ ತಾಳ್ಮೆ ನಮಗೆ ಚಿಕ್ಕಂದಿನಿಂದಲೂ ಕಡಿಮೆ. ಸಣ್ಣಕಥೆ ಬರೆಯುವವರಾದದ್ದು ಸುಮ್ಮನೆ ಅಲ್ಲ.

ಈಗ ಆ ಮಳೆಗಾಲಕ್ಕೆ ಬರುತ್ತೇವೆ.

ಆಗಸ್ಟಿನ ಹೊತ್ತಿಗೆ ದಾದಿಯ ಕಥೆ ಇನ್ನೂ ನಿಧಾನವಾಗಿತ್ತು. ಅಸದ್‌ನನ್ನು ಬಿಟ್ಟು ಅವರು ಅಮರ್ ಅಯ್ಯಾರನೊಬ್ಬನನ್ನೇ ಹಿಡಿದುಕೊಂಡಿದ್ದರು. ಅವನು ಮಾಯಾಬಾಗಿಲಿನ ಎದುರು ಕುಳಿತಿದ್ದಾನೆ. ಬಾಗಿಲು ತೆರೆಯುವ ವಸ್ತು ಝಂಬೀಲಿನಲ್ಲಿದೆ. ಕೈ ಹಾಕುತ್ತಾನೆ, ಬೇರೆ ಏನೋ ಬರುತ್ತದೆ: ಒಂದು ಬೆಳ್ಳಿಯ ಅಡಕತ್ತರಿ, ಒಂದು ಮಗುವಿನ ಅಂಗಿ, ಒಂದು ಬೀಗದ ಕೈ. ಇದನ್ನು ಎಲ್ಲಿಂದ ತಂದೆ ಎಂದು ನೆನಪಿಸಿಕೊಳ್ಳಲು ನೋಡುತ್ತಾನೆ, ನೆನಪಾಗುವುದಿಲ್ಲ. ಪಕ್ಕಕ್ಕಿಟ್ಟು ಮತ್ತೆ ಕೈ ಹಾಕುತ್ತಾನೆ. ಮೊದಲ ರಾತ್ರಿ ಮನೆಯ ಮಕ್ಕಳೆಲ್ಲ ನಕ್ಕರು. ನಾಲ್ಕನೆಯ ರಾತ್ರಿಗೆ ಸಣ್ಣವರು ನಿದ್ದೆ ಹೋದರು. ಎಂಟನೆಯ ರಾತ್ರಿಯೂ ಅಮರ್ ಅಲ್ಲೇ ಕುಳಿತಿದ್ದ.

ನಮ್ಮ ತರಗತಿಯ ಒಬ್ಬನ ಮನೆಯಲ್ಲಿ ಮಕ್ಕಳಿಗಾಗಿ ಸಂಗ್ರಹಿಸಿದ ಹೋಶ್‌ರುಬಾದ ಪುಸ್ತಕವಿತ್ತು. ಎರವಲು ತಂದು ಎರಡು ಮಧ್ಯಾಹ್ನದಲ್ಲಿ ಓದಿ ಮುಗಿಸಿದೆವು. ಅದರಲ್ಲಿ ಅಮರ್ ಬಾಗಿಲೆದುರು ಕೂರುವುದೇ ಇಲ್ಲ. ಅವನಿಗೆ ಮರೆವೂ ಇಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದೇ ಚುರುಕು, ಅದೇ ಜಿಪುಣತನ. ಅಫ್ರಾಸಿಯಾಬ್ ಸೋಲುತ್ತಾನೆ, ತಿಲಿಸ್ಮ್ ಒಡೆಯುತ್ತದೆ. ಅಂದು ರಾತ್ರಿ ದಾದಿ ಶುರು ಮಾಡುವ ಮೊದಲೇ ನಾವು ಎಲ್ಲರೆದುರು ಕೊನೆಯನ್ನು ಹೇಳಿಬಿಟ್ಟೆವು. ಹೇಳಿದ ಮೇಲೆ, 'ನೀವು ಹೇಳುವುದು ಸರಿಯಿಲ್ಲ, ಕಿತಾಬಿನಲ್ಲಿ ಹೀಗಿಲ್ಲ' ಎಂದೂ ಸೇರಿಸಿದೆವು.

ದಾದಿ ಬೈಯಲಿಲ್ಲ. "ಹೌದಾ ಮಗಾ? ಕಿತಾಬಿನಲ್ಲಿ ಇದ್ದಹಾಗೇ ಸರಿ" ಎಂದರು. ದೀಪದ ಬತ್ತಿ ತಗ್ಗಿಸಿದರು. ಮರುದಿನ ಇಶಾ ಆದ ಮೇಲೆ ಚಾಪೆ ಹಾಸಿದರೆ, ಕಥೆ ಮುಗಿಯಿತಲ್ಲ ಎಂದರು.

ಅದರ ಮುಂದಿನ ವರ್ಷ ನಾವು ಬೆಳ್ತಂಗಡಿಯಲ್ಲಿದ್ದಾಗ ಬಂಟ್ವಾಳದಿಂದ ಸುದ್ದಿಗಳು ಬರತೊಡಗಿದವು. ದಾದಿ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ. ಚಿಕ್ಕಪ್ಪನನ್ನು ಅವರ ಸತ್ತುಹೋದ ಅಣ್ಣನ ಹೆಸರಿನಿಂದ ಕರೆಯುತ್ತಾರೆ. ನಮಾಜಿನಲ್ಲಿ ಎಷ್ಟು ರಕಅತ್ ಆಯಿತೆಂದು ಪಕ್ಕದವರನ್ನು ಕೇಳುತ್ತಾರೆ. ಪೆಟ್ಟಿಗೆ ತೆರೆದು ಏನನ್ನೋ ಹುಡುಕುತ್ತಾರೆ, ಏನೆಂದು ಕೇಳಿದರೆ ಹೇಳಲು ಬರುವುದಿಲ್ಲ. ನಾವು ಹೋದಾಗ ಆ ಪೆಟ್ಟಿಗೆಯ ಸುತ್ತ ಸಾಮಾನು ಹರಡಿತ್ತು. ಅದರಲ್ಲಿ ಬೆಳ್ಳಿಯ ಅಡಕತ್ತರಿಯೂ ಇತ್ತು.

ಅಷ್ಟಾದರೂ ಹನ್ನೆರಡು ವರ್ಷದ ಹುಡುಗನಿಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ದಾದಿ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಮೂಡಬಿದಿರೆಯ ಹಾಸ್ಟೆಲಿನಲ್ಲಿ, ಭರತೇಶ ಊಟಕ್ಕೆ ಕುಳಿತ ಸಂಧಿಯನ್ನು ಪರೀಕ್ಷೆಗಾಗಿ ಓದುತ್ತಿದ್ದಾಗ. ನವಲ್ ಕಿಶೋರಿನ 46 ಸಂಪುಟಗಳಲ್ಲೂ ಮುದುಕನಾಗದ ಅಮರ್ ಅಯ್ಯಾರ ನಮ್ಮ ಚಾವಡಿಯಲ್ಲಿ ಮುದುಕನಾಗುತ್ತಿದ್ದ. ಮನೆಯವರಾರಿಗೂ ಹೇಳಲಾಗದ್ದನ್ನು ದಾದಿ ಅವನ ಕೈಯಲ್ಲಿ ಹೇಳಿಸುತ್ತಿದ್ದರು, ಎಂಟು ರಾತ್ರಿ. ಒಂಬತ್ತನೆಯ ರಾತ್ರಿ ನಾವು ಕಿತಾಬು ತಂದಿದ್ದೆವು.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಾಗ ಚಹಾ ಆರಿಹೋಗಿತ್ತು. ಹೊರಗೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು:

"ಅಬ್ಬಾ, ಆ ಬಾಗಿಲು ತೆರೆಯುವ ವಸ್ತು ಏನು?"

"ಗೊತ್ತಿಲ್ಲ. ದಾದಿ ಹೇಳಲಿಲ್ಲ."

"ಅಂದರೆ ಅವನು ಇನ್ನೂ ಅಲ್ಲೇ ಕುಳಿತಿದ್ದಾನೆ."

"ಹೌದು."

ಮರುದಿನ ಬಿ.ಸಿ. ರೋಡಿನಲ್ಲಿ ಅವಳನ್ನು ಮೂಡಬಿದಿರೆಯ ಬಸ್ಸಿಗೆ ಹತ್ತಿಸಿದೆವು. ಸಿದ್ಧಕಟ್ಟೆ ದಾಟುವ ಮೊದಲೇ ಮೆಸೇಜು ಬಂತು. ಹತ್ತನೆಯದನ್ನು ಬಿಟ್ಟಿಲ್ಲವಂತೆ, ಇನ್ನು ಎಂಬತ್ತು ಪುಟ ಇದೆಯಂತೆ. ಈಗ ಯಾರೋ ಮತ್ತೆ ಚಹಾ ಕುಡಿಯುತ್ತಿದ್ದಾರಂತೆ.